ವಜ್ರದೋಲೆ ಬೇಡವೆಂದವಳು

ಕಾರಹುಣ್ಣಿಮೆ ಬಂದಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತುಗಳ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಸಿಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು ಹಿರಿಯರಿಂದ ನಡೆದುಬಂದ ಪದ್ಧತಿ. ಬಿಳಿಯ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳ ಹುಲುಸು, ಕೆಂದೆತ್ತು ಮುಂದಾದರೆ ಮುಂಗಾರಿಯ ಬೆಳೆ ಹುಲುಸು ಎಂಬುದು ಒಕ್ಕಲುಮಕ್ಕಳ ನಂಬಿಕೆ. ವಿಜಯಪುರ ಜಿಲ್ಲೆಯ ಬಬಲೇಶ್ವರ ಸೀಮೆಯಲ್ಲಿರುವ ಕಾಖಂಡಕಿ ಈ ಕರಿಗೆ ಹೆಸರಾದ ಊರು. ನುಗ್ಗಿ ಬರುವ ಹೋರಿಗಳನ್ನು ತರುಣರು ತಡೆದು ಹಿಡಿಯುವ ಸಾಹಸವನ್ನು ಕಾಣಲು ಸುತ್ತಲಿನ ಜನವೆಲ್ಲ ಅಲ್ಲಿ ನೆರೆಯುತ್ತದೆ. ಹರಿದಾಸರಾದ ಮಹಿಪತಿದಾಸರು ನೆಲೆಸಿದ ಊರೆಂಬ ಕೀರ್ತಿಯೂ ಅದಕ್ಕುಂಟು.

ಎತ್ತು ಹೇಳುವ ಭವಿಷ್ಯ ಹಬ್ಬದ ಸಂಭ್ರಮಕ್ಕೆ ಸಾಕು. ಆದರೆ ಹಬ್ಬ ಕಳೆದ ಮೇಲೆ ರೈತನಿಗೆ ಬೇಕಾದುದು ಬೇರೊಂದು ಬಗೆಯ ಮಾತು. ವರುಷಕ್ಕೆ ಸುಮಾರು ೬೦೦ ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯವೆನ್ನುವ ನೆಲ ಅದು. ತಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವವರು ಹಲವರು. ಹಣ್ಣು ಒಣಗುತ್ತಿರುವಾಗ ಅಕಾಲದಲ್ಲಿ ಒಂದು ಮಳೆ ಸುರಿದರೆ ವರುಷದ ದುಡಿಮೆಯೇ ಕಪ್ಪಾಗಿಬಿಡುತ್ತದೆ. ಹವಾಮಾನವನ್ನು ಆಧರಿಸಿದ ಬೆಳೆ ವಿಮೆಯೆಂಬುದು ಈಗ ಬಂದಿದೆ. ಅದರಲ್ಲಿ ಪರಿಹಾರ ಬರುವುದೂ ಬಾರದಿರುವುದೂ ರೈತನ ಕಣ್ಣೀರನ್ನು ನೋಡಿ ಅಲ್ಲ. ಮಳೆ ಎಷ್ಟು, ಬಿಸಿಲು ಎಷ್ಟು ಎಂಬ ಅಂಕೆಯನ್ನು ನೋಡಿ. ಅಂಕೆಯನ್ನು ಕೊಡುವುದು ಬಯಲಿನಲ್ಲಿ ನಿಂತಿರುವ ಒಂದು ಉಪಕರಣ. ಉಪಕರಣ ಸುಳ್ಳು ಹೇಳಿದರೆ ಮನೆಯ ಲೆಕ್ಕವೆಲ್ಲ ಸುಳ್ಳಾದಂತೆಯೇ.

ಇಂತಹ ಉಪಕರಣಗಳು ನಮ್ಮ ದೇಶದಲ್ಲಿಯೇ ತಯಾರಾಗಬೇಕು, ತಯಾರಾದವು ಸತ್ಯವನ್ನೇ ನುಡಿಯಬೇಕು ಎಂದು ಇಡಿಯ ಬಾಳನ್ನು ಸವೆಸಿದ ಮಹಿಳೆಯೊಬ್ಬರು ಇದ್ದರು. ಹೆಸರು ಅನ್ನಾ ಮಣಿ. ಅಳತೆಯ ವಿದ್ಯೆಯನ್ನು ಅವರು ಕಲಿತುದು ಮಳೆಯಿಂದಲ್ಲ, ಗಾಳಿಯಿಂದಲ್ಲ; ಬೆಂಗಳೂರಿನ ಒಂದು ಕತ್ತಲೆಯ ಕೋಣೆಯಲ್ಲಿ, ವಜ್ರದ ಹರಳುಗಳ ಮುಂದೆ.

ಎಂಟನೆಯ ಹುಟ್ಟುಹಬ್ಬ

ತಿರುವಾಂಕೂರಿನ ಬೆಟ್ಟದ ಸೀಮೆ ಪೀರುಮೇಡು. ಅಲ್ಲಿ ೧೯೧೮ರ ಆಗಸ್ಟ್ ೨೩ರಂದು ಅನ್ನಾ ಮಣಿಯವರ ಜನನ. ತಂದೆ ಇಂಜಿನಿಯರರು, ಏಲಕ್ಕಿಯ ತೋಟವಿದ್ದ ಅನುಕೂಲಸ್ಥ ಮನೆತನ. ಎಂಟು ಮಂದಿ ಮಕ್ಕಳಲ್ಲಿ ಇವರು ಏಳನೆಯವರು. ಗಂಡುಮಕ್ಕಳಿಗೆ ಉದ್ಯೋಗ, ಹೆಣ್ಣುಮಕ್ಕಳಿಗೆ ಮದುವೆ ಎಂಬುದು ಆ ಕಾಲದ ಉಳಿದ ಮನೆಗಳಂತೆ ಆ ಮನೆಯ ಸಂಕಲ್ಪವೂ ಆಗಿತ್ತು. ಹುಡುಗಿಗೆ ಎಂಟು ವರ್ಷ ತುಂಬಿದಾಗ ವಜ್ರದ ಓಲೆಯನ್ನು ಕೊಡುವುದು ಅವರಲ್ಲಿ ರೂಢಿ. ಅಕ್ಕಂದಿರಿಗೆ ಬಂದ ಓಲೆ ತಂಗಿಗೂ ಬಂದಿತು. ಹುಡುಗಿ ಓಲೆಯನ್ನು ಬೇಡವೆಂದಳು. ಅದಕ್ಕೆ ಬದಲಾಗಿ ಬ್ರಿಟಾನಿಕಾ ವಿಶ್ವಕೋಶದ ಸಂಪುಟಗಳನ್ನು ಬೇಡಿದಳು. ಆ ವಯಸ್ಸಿಗಾಗಲೇ ಊರಿನ ವಾಚನಾಲಯದ ಮಲೆಯಾಳ ಪುಸ್ತಕಗಳನ್ನೆಲ್ಲ ಬಹುಮಟ್ಟಿಗೆ ಓದಿ ಮುಗಿಸಿದ್ದ ಹುಡುಗಿ ಅವಳು.

ವೈಕಂ ಸತ್ಯಾಗ್ರಹದ ನಿಮಿತ್ತ ಗಾಂಧೀಜಿಯವರು ಆ ಸೀಮೆಗೆ ಬಂದುಹೋದುದು ಬಾಲೆಯ ಮನಸ್ಸಿನ ಮೇಲೆ ಅಚ್ಚೊತ್ತಿತು. ಮುಂದೆ ಅವರು ಖಾದಿಯನ್ನುಟ್ಟರು. ಮದುವೆಯ ಹಾದಿಯನ್ನು ಬಿಟ್ಟು ಓದಿನ ಹಾದಿಯನ್ನು ಹಿಡಿದರು. ವೈದ್ಯೆಯಾಗಬೇಕೆಂಬ ಆಸೆಯಿದ್ದರೂ ಅದು ಕೈಗೂಡಲಿಲ್ಲ. ಭೌತಶಾಸ್ತ್ರದಲ್ಲಿ ಚುರುಕಾಗಿದ್ದುದರಿಂದ ಅದನ್ನೇ ಆರಿಸಿಕೊಂಡು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ೧೯೩೯ರಲ್ಲಿ ಬಿ.ಎಸ್‌ಸಿ. ಆನರ್ಸ್ ಪದವಿಯನ್ನು ಪಡೆದರು. ಮರುವರ್ಷ ವಿದ್ಯಾರ್ಥಿವೇತನ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಊರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಸರ್ ಸಿ. ವಿ. ರಾಮನ್ನರ ಶಿಷ್ಯೆಯಾಗಿ ಅವರು ಬಂದರು.

ಬೆಳಕಿನ ಸಹಿ

ರಾಮನ್ನರ ಪ್ರಯೋಗಶಾಲೆಯಲ್ಲಿ ಅಂದು ನಡೆಯುತ್ತಿದ್ದ ಕೆಲಸದ ಹುರುಳನ್ನು ತಿಳಿಯಲು ಅಡುಗೆಮನೆಯ ಒಂದು ಅನುಭವ ಸಾಕು. ಉರಿಯುವ ಒಲೆಗೆ ಉಪ್ಪು ಸಿಡಿದಾಗ ಜ್ವಾಲೆ ಥಟ್ಟನೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಸಹಿ. ಒಂದೊಂದು ಪದಾರ್ಥಕ್ಕೂ ತನ್ನದೇ ಆದ ಇಂತಹ ಸಹಿಯುಂಟು. ಬರಿಯ ಕಣ್ಣಿಗೆ ಒಂದೇ ಬಣ್ಣವಾಗಿ ತೋರುವ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಬಿಚ್ಚಿಕೊಂಡು, ಎಲ್ಲಿ ಯಾವ ಬಣ್ಣದ ಗೆರೆಯಿದೆ, ಎಲ್ಲಿ ಗೆರೆ ಕಾಣೆಯಾಗಿದೆ ಎಂಬುದು ಸ್ಪಷ್ಟವಾಗುತ್ತದೆ. ಹಾಗೆ ಬಿಚ್ಚಿಕೊಂಡ ಬೆಳಕಿನ ಪಟ್ಟಿಗೆ ರೋಹಿತವೆಂದು ಹೆಸರು. ಮನೆಯಲ್ಲಿ ಮೂಲೆಗೆ ಬಿದ್ದಿರುವ ಸಿ.ಡಿ. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಅದರ ಮೇಲೆ ಹರಡುವ ಏಳು ಬಣ್ಣಗಳೂ ರೋಹಿತವೇ. ಬಿಚ್ಚಿದ ಬೆಳಕನ್ನು ಛಾಯಾಫಲಕದ ಮೇಲೆ ಮೂಡಿಸಿ, ಗೆರೆಗಳ ಸ್ಥಾನವನ್ನು ಅಳೆದು, ಪದಾರ್ಥದ ಒಳಗುಟ್ಟನ್ನು ಓದುವುದೇ ರೋಹಿತ ವಿಜ್ಞಾನ.

ರಾಮನ್ನರಿಗೆ ೧೯೩೦ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದುದೂ ಇಂತಹ ಗೆರೆಗಳೇ. ಒಂದೇ ಬಣ್ಣದ ಬೆಳಕು ದ್ರವದ ಅಥವಾ ಹರಳಿನ ಮೂಲಕ ಹಾಯುವಾಗ ಅದರ ಅತ್ಯಲ್ಪ ಅಂಶ ತನ್ನ ಬಣ್ಣವನ್ನು ತುಸು ಬದಲಿಸಿಕೊಂಡು ಹೊರಬರುವುದೆಂದು ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಅವರು ಕಂಡುಕೊಂಡರು. ಬಣ್ಣ ಎಷ್ಟು ಬದಲಾಯಿತೆಂಬುದರಿಂದ ಒಳಗಿನ ಪರಮಾಣುಗಳು ಹೇಗೆ ಕಂಪಿಸುತ್ತಿವೆ ಎಂಬುದನ್ನು ಲೆಕ್ಕ ಹಾಕಬಹುದು. ವಜ್ರವಾದರೋ ಕೇವಲ ಇಂಗಾಲದ ಪರಮಾಣುಗಳು ಅಚ್ಚುಕಟ್ಟಾಗಿ ಹೆಣೆದುಕೊಂಡ ಹರಳು. ಆದುದರಿಂದ ವಜ್ರದ ಗುಟ್ಟನ್ನು ಬಿಡಿಸಬೇಕೆಂಬ ಹಂಬಲ ರಾಮನ್ನರಿಗೆ ಬಲವಾಗಿ ಹತ್ತಿತು. ಭಾರತ, ಆಫ್ರಿಕಗಳಿಂದ ಅವರು ಕೂಡಿಸಿದ್ದ ವಜ್ರಗಳು ಸುಮಾರು ೩೦೦. ಓಲೆಯ ವಜ್ರವನ್ನು ಬೇಡವೆಂದಿದ್ದ ಹುಡುಗಿಯ ಮುಂದೆ ಈಗ ವಜ್ರದ ರಾಶಿಯೇ ಬಂದು ನಿಂತಿತು. ಈ ಸಲ ಅವರು ಬೇಡವೆನ್ನಲಿಲ್ಲ.

ಇಪ್ಪತ್ತು ಗಂಟೆಯ ಕಾವಲು

ಅತಿನೇರಿಳೆ ಬೆಳಕನ್ನು ಬೀರಿದರೆ ಕೆಲವು ವಜ್ರಗಳು ನೀಲಿಯಾಗಿ ಬೆಳಗುತ್ತವೆ, ಕೆಲವು ಹಸಿರಾಗಿ. ಕೆಲವು ಬೆಳಗುವುದೇ ಇಲ್ಲ. ಕಣ್ಣಿಗೆ ಎಲ್ಲವೂ ಒಂದೇ ತೆರನಾದ ಹರಳುಗಳು. ಹಾಗಾದರೆ ಈ ಭೇದವೇಕೆ? ಅನ್ನಾ ಮಣಿಯವರು ಮೂವತ್ತಕ್ಕೂ ಮಿಕ್ಕ ವಜ್ರಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವು ಬೀರುವ ಬೆಳಕನ್ನೂ ಹೀರುವ ಬೆಳಕನ್ನೂ ಅಳೆದರು. ಮಾಣಿಕ್ಯದ ಹರಳುಗಳನ್ನೂ ಹೀಗೆಯೇ ಪರೀಕ್ಷಿಸಿದರು.

ಹೇಳುವುದಕ್ಕೆ ಸುಲಭವಾದ ಈ ಕೆಲಸ ಮಾಡುವುದಕ್ಕೆ ಸುಲಭವಾಗಿರಲಿಲ್ಲ. ಹರಳು ಬೆಚ್ಚಗಿದ್ದರೆ ಗೆರೆಗಳು ಹರಡಿಕೊಂಡು ಮಸುಕಾಗುತ್ತವೆ. ಆದುದರಿಂದ ಅದನ್ನು ಸೊನ್ನೆಗಿಂತ ಸುಮಾರು ೧೯೦ ಡಿಗ್ರಿ ಕೆಳಗಿರುವ ದ್ರವವಾಯುವಿನಿಂದ ತಂಪಾಗಿಡಬೇಕು. ಮಂಕಾಗಿ ಬೆಳಗುವ ಹರಳಿನ ರೋಹಿತ ಛಾಯಾಫಲಕದ ಮೇಲೆ ಮೂಡಬೇಕಾದರೆ ೧೫ರಿಂದ ೨೦ ಗಂಟೆಗಳ ಕಾಲ ಬೆಳಕು ಬೀಳುತ್ತಲೇ ಇರಬೇಕು. ಆ ಅವಧಿಯಲ್ಲಿ ಹರಳು ಅಲುಗಬಾರದು, ದ್ರವವಾಯು ಮುಗಿಯಬಾರದು. ಎಷ್ಟೋ ರಾತ್ರಿಗಳನ್ನು ಈ ವಿದ್ಯಾರ್ಥಿನಿ ಪ್ರಯೋಗಶಾಲೆಯಲ್ಲಿಯೇ ಕಳೆಯಬೇಕಾಯಿತು. ಎಚ್ಚರ ತಪ್ಪಿದರೆ ಇಡೀ ದಿನದ ಶ್ರಮ ನೀರುಪಾಲು.

ನೀಲಿಯಾಗಿ ಬೆಳಗುವ ವಜ್ರಗಳಲ್ಲಿ ೪೧೫೨ ಆಂಗ್‌ಸ್ಟ್ರಾಮಿನ ಬಳಿ ಒಂದು ಚೂಪಾದ ಗೆರೆಯಿದೆ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಆಂಗ್‌ಸ್ಟ್ರಾಮ್. ಹರಳು ಬೀರುವ ಬೆಳಕಿನಲ್ಲಿ ಆ ಗೆರೆ ಹೊಳೆಯುತ್ತದೆ. ಹೀರುವ ಬೆಳಕಿನಲ್ಲಿ ಅದೇ ಜಾಗದಲ್ಲಿ ಕಪ್ಪಾಗಿ ಕಾಣುತ್ತದೆ. ಬೀರುವುದೂ ಹೀರುವುದೂ ಒಂದೇ ಮೂಲದ ಎರಡು ಮುಖಗಳೆಂಬುದಕ್ಕೆ ಇದು ಸಾಕ್ಷಿ. ೧೯೪೨ರಿಂದ ೧೯೪೫ರ ವರೆಗೆ ಇಂತಹ ಅಳತೆಗಳನ್ನು ಕುರಿತು ಐದು ಲೇಖನಗಳನ್ನು ಅವರು ತಮ್ಮೊಬ್ಬರ ಹೆಸರಿನಲ್ಲಿಯೇ ಪ್ರಕಟಿಸಿದರು.

ಹೊರಗಿನ ತೊಡಕುಗಳೂ ಕಡಮೆಯಿರಲಿಲ್ಲ. ಅದೇ ಸಂಸ್ಥೆಗೆ ೧೯೩೩ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಸೇರಲು ಬಂದಾಗ ನಿರ್ದೇಶಕರಾಗಿದ್ದ ರಾಮನ್ನರು ಮೊದಲು ಒಪ್ಪಿರಲಿಲ್ಲ. ಆಕೆ ಹಟ ಬಿಡದಿದ್ದುದರಿಂದ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡಿದ್ದರು. ಮುಂದೆ ಕಮಲಾ ಸೊಹೊನಿಯೆಂದು ಹೆಸರಾದವರು ಅವರೇ. ಆ ತರುಣಿ ತೆರೆದ ಬಾಗಿಲಿನಿಂದಲೇ ಅನ್ನಾ ಮಣಿ ಒಳಗೆ ಬಂದರು. ಆದರೂ ವಿದ್ಯಾರ್ಥಿ ವಿದ್ಯಾರ್ಥಿನಿಯರು ಕೂಡಿ ಮಾತನಾಡುವುದು ಗುರುಗಳಿಗೆ ಹಿಡಿಸುತ್ತಿರಲಿಲ್ಲ. ಗಂಡಸರು ಒಬ್ಬರೊಡನೊಬ್ಬರು ಚರ್ಚಿಸಿ ತಿಳಿಯುತ್ತಿದ್ದುದನ್ನು ಹೆಂಗಸರು ಒಂಟಿಯಾಗಿ ಕುಳಿತು ತಿಳಿಯಬೇಕಿತ್ತು. ಉಪಕರಣವನ್ನು ಹಿಡಿಯುವಲ್ಲಿ ಹೆಣ್ಣೊಬ್ಬಳು ಸಣ್ಣ ತಪ್ಪು ಮಾಡಿದರೂ ಅದನ್ನು ಹೆಣ್ಣುಕುಲದ ತಪ್ಪೆಂದು ಎತ್ತಿ ಆಡುವವರು ಇದ್ದರೆಂದು ಅನ್ನಾ ಮಣಿಯವರು ಮುಂದೆ ನೆನೆದುಕೊಂಡಿದ್ದಾರೆ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಬಾರದೆಂಬ ಕಟ್ಟುನಿಟ್ಟು ಅಂತಹವರ ನಡುವೆ ಇನ್ನಷ್ಟು ಬಲಿತಿದ್ದರೆ ಆಶ್ಚರ್ಯವಿಲ್ಲ.

ದೊರೆಯದ ಪದವಿ

ಐದು ವರ್ಷಗಳ ದುಡಿಮೆಯನ್ನು ಮಹಾಪ್ರಬಂಧವಾಗಿ ಬರೆದು ೧೯೪೫ರ ಆಗಸ್ಟಿನಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಇಂತಹ ಸಂಶೋಧನೆಗೆ ಅಂದು ಪದವಿಯನ್ನು ಕೊಡುತ್ತಿದ್ದುದು ಆ ವಿಶ್ವವಿದ್ಯಾನಿಲಯ. ಅದರ ಉತ್ತರ ಚಿಕ್ಕದಾಗಿತ್ತು: ಅರ್ಜಿದಾರಳಿಗೆ ಎಂ.ಎಸ್‌ಸಿ. ಪದವಿಯಿಲ್ಲ; ಆದುದರಿಂದ ಡಾಕ್ಟರೇಟ್ ಕೊಡುವಂತಿಲ್ಲ. ಆನರ್ಸ್ ಪದವಿಯ ಬಲದಿಂದಲೇ ವಿದ್ಯಾರ್ಥಿವೇತನ ದೊರೆತುದು, ಐದು ಲೇಖನಗಳು ಅಚ್ಚಾದುದು, ರಾತ್ರಿಗಳನ್ನು ಹಗಲು ಮಾಡಿ ತೆಗೆದ ರೋಹಿತಗಳು, ಇವಾವುವೂ ನಿಯಮದ ಪುಸ್ತಕದೊಳಗೆ ಸೇರಲಿಲ್ಲ.

ನಿಯಮ ಎಲ್ಲರಿಗೂ ಒಂದೇ ಅಲ್ಲವೇ ಎಂದು ಕೇಳುವವರು ಇರಬಹುದು. ನಿಯಮವಿರುವುದು ಯೋಗ್ಯತೆಯನ್ನು ಅಳೆಯುವುದಕ್ಕೆ. ಯೋಗ್ಯತೆ ಕಣ್ಣೆದುರಿಗೇ ಇದ್ದಾಗ ಅದನ್ನು ಕಾಣಲಾರದ ನಿಯಮ, ಮಳೆ ಸುರಿಯುತ್ತಿರುವಾಗ ಸೊನ್ನೆ ತೋರಿಸುವ ಮಳೆಮಾಪಕದಂತೆ. ಆದರೆ ಅನ್ನಾ ಮಣಿಯವರು ದೂರಿಕೊಂಡು ಕೂರಲಿಲ್ಲ. ಪದವಿ ದೊರೆಯದಿದ್ದುದರಿಂದ ತಮ್ಮ ಬಾಳಿನಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲವೆಂಬುದೇ ಕೊನೆಯವರೆಗೂ ಅವರ ಮಾತಾಗಿತ್ತು.

ಮಳೆಮಾಪಕಕ್ಕೂ ವಿಲಾಯತಿ

ಆ ವೇಳೆಗೆ ವಿಲಾಯತಿಯಲ್ಲಿ ತರಬೇತಿ ಪಡೆಯಲು ಸರಕಾರದ ವಿದ್ಯಾರ್ಥಿವೇತನವೊಂದು ದೊರೆಯಿತು. ಭೌತಶಾಸ್ತ್ರದ ಸಂಶೋಧನೆಯನ್ನೇ ಮುಂದುವರಿಸಬೇಕೆಂದು ಅವರ ಆಸೆ. ಉಳಿದಿದ್ದ ಸ್ಥಾನವಾದರೋ ಹವಾಮಾನದ ಉಪಕರಣಗಳಿಗೆ ಸಂಬಂಧಿಸಿದ್ದು. ಯುದ್ಧ ಮುಗಿದ ಆ ವರ್ಷ ಸೈನಿಕರನ್ನು ಒಯ್ಯುವ ಹಡಗಿನಲ್ಲಿ ಪ್ರಯಾಣ ಮಾಡಿ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜನ್ನು ಸೇರಿದರು. ಉಪಕರಣಗಳನ್ನು ಬಿಚ್ಚಿ ಜೋಡಿಸುವುದು, ಒಂದನ್ನು ಇನ್ನೊಂದರೊಡನೆ ಹೋಲಿಸಿ ತಪ್ಪನ್ನು ಹುಡುಕುವುದು, ಕಾರ್ಖಾನೆಗಳಲ್ಲಿ ಅವು ತಯಾರಾಗುವ ಬಗೆಯನ್ನು ನೋಡುವುದು, ಇದು ಅಲ್ಲಿಯ ಪಾಠ. ವಜ್ರದ ಗೆರೆಯನ್ನು ಅಳೆದ ಕೈಗೆ ಈ ಪಾಠ ಹೊಸದಾಗಿರಲಿಲ್ಲ.

ಅವರು ಮರಳಿದುದು ೧೯೪೮ರಲ್ಲಿ, ಸ್ವತಂತ್ರ ಭಾರತಕ್ಕೆ. ಪುಣೆಯಲ್ಲಿದ್ದ ಹವಾಮಾನ ಇಲಾಖೆಯ ಉಪಕರಣ ವಿಭಾಗದಲ್ಲಿ ಕೆಲಸ ದೊರೆಯಿತು. ಅದರ ಮುಖ್ಯಸ್ಥರಾಗಿದ್ದವರು ಎಸ್. ಪಿ. ವೆಂಕಟೇಶ್ವರನ್. ಅಂದಿನ ಸ್ಥಿತಿಯನ್ನು ಇಂದಿನವರು ನಂಬುವುದು ಕಷ್ಟ. ಮಳೆಮಾಪಕದಂತಹ ಸರಳವಾದ ಉಪಕರಣ, ಉಷ್ಣಮಾಪಕದಂತಹ ಗಾಜಿನ ಕೊಳವೆ, ಇವುಗಳೂ ಹಡಗೇರಿ ಇಂಗ್ಲೆಂಡಿನಿಂದ ಬರಬೇಕಾಗಿತ್ತು. ಕೃಷಿಯೇ ಮುಖ್ಯವಾದ ದೇಶ ತನ್ನ ಮಳೆಯನ್ನು ಅಳೆಯಲು ಪರರ ಮುಖವನ್ನು ನೋಡುತ್ತಿತ್ತು.

ವೆಂಕಟೇಶ್ವರನ್ನರೂ ಅನ್ನಾ ಮಣಿಯವರೂ ಈ ಪರಾಧೀನತೆಯನ್ನು ತೊಡೆಯಲು ಪಣತೊಟ್ಟರು. ೧೯೫೩ರಲ್ಲಿ ವಿಭಾಗದ ಹೊಣೆ ಅನ್ನಾ ಮಣಿಯವರ ಹೆಗಲಿಗೇ ಬಂದಿತು. ಅವರ ಕೈಕೆಳಗೆ ೧೨೧ ಮಂದಿ ಕೆಲಸಗಾರರು, ಎಲ್ಲರೂ ಗಂಡಸರು. ಸುಮಾರು ೧೦೦ ಬಗೆಯ ಹವಾಮಾನ ಉಪಕರಣಗಳಿಗೆ ಪ್ರಮಾಣಬದ್ಧ ನಕ್ಷೆಗಳು ಸಿದ್ಧವಾಗಿ, ತಯಾರಿಕೆ ಮೊದಲಾಯಿತು. ಒಂದೇ ನಕ್ಷೆಯಿಂದ ಎಲ್ಲಿ ಮಾಡಿದರೂ ಒಂದೇ ಉಪಕರಣ ಬರಬೇಕು. ಕಾಶ್ಮೀರದ ಮಿಲಿಮೀಟರೂ ಕನ್ಯಾಕುಮಾರಿಯ ಮಿಲಿಮೀಟರೂ ಒಂದೇ ಆಗಿರಬೇಕು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲೆಂಬುದು ಅವರ ದೃಢವಾದ ನಂಬಿಕೆ. ಅಳತೆಯಿಲ್ಲದವನು ತನಗೆ ತಿಳಿಯದೆಂದು ಎಚ್ಚರದಿಂದಿರುತ್ತಾನೆ. ತಪ್ಪು ಅಳತೆಯುಳ್ಳವನು ತಿಳಿದಿದೆಯೆಂದು ನಂಬಿ ಹಳ್ಳಕ್ಕೆ ಬೀಳುತ್ತಾನೆ.

ಅಂತರರಾಷ್ಟ್ರೀಯ ಭೂಭೌತ ವರ್ಷವೆಂದು ೧೯೫೭-೫೮ರಲ್ಲಿ ಅನೇಕ ರಾಷ್ಟ್ರಗಳು ಭೂಮಿಯ ಸಮಗ್ರ ಪರಿಶೀಲನೆಗೆ ಕೈಜೋಡಿಸಿದಾಗ, ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲವನ್ನು ಅವರು ದೇಶದಲ್ಲಿ ಹರಡಿದರು. ಗಾಜಿನ ಗುಮ್ಮಟದ ಕೆಳಗೆ ಕಪ್ಪು ಬಳಿದ ಒಂದು ತಟ್ಟೆ. ಬಿಸಿಲಿಗೆ ಅದು ಕಾದಷ್ಟೂ ಅದರಡಿಯ ಲೋಹದ ಜೋಡಣೆಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತನ್ನು ಅಳೆದರೆ ಬಿಸಿಲನ್ನು ಅಳೆದಂತೆ. ಅನಂತರ ಅವರ ಗಮನ ಓಜೋನಿನ ಕಡೆಗೆ ಹರಿಯಿತು. ಆಕಾಶದಲ್ಲಿ ಓಜೋನ್ ಎಷ್ಟಿದೆಯೆಂದು ನೆಲದ ಮೇಲಿನಿಂದ ತಿಳಿಯುವ ಉಪಾಯವೂ ರೋಹಿತದ್ದೇ: ಓಜೋನ್ ಬಹಳವಾಗಿ ಹೀರುವ ಒಂದು ಬಣ್ಣವನ್ನೂ ಅಷ್ಟಾಗಿ ಹೀರದ ಇನ್ನೊಂದು ಬಣ್ಣವನ್ನೂ ಬಿಸಿಲಿನಲ್ಲಿ ಹೋಲಿಸಿ ನೋಡುವುದು. ಎತ್ತರದ ಗಾಳಿಯಲ್ಲಿಯೇ ಅದನ್ನು ಅಳೆಯಲು ಬಲೂನಿನಲ್ಲಿ ಹಾರಿಬಿಡುವ ಉಪಕರಣವನ್ನು ಅವರು ಸ್ವದೇಶದಲ್ಲಿಯೇ ರೂಪಿಸಿದರು. ತುಂಬಾದ ರಾಕೆಟ್ ಕೇಂದ್ರದ ಹವಾಮಾನ ವೀಕ್ಷಣಾಲಯವನ್ನು ವಿಕ್ರಮ್ ಸಾರಾಭಾಯಿಯವರ ಕೋರಿಕೆಯಂತೆ ಸಿದ್ಧಗೊಳಿಸಿದವರೂ ಅವರೇ. ಇಲಾಖೆಯ ಉಪಮಹಾನಿರ್ದೇಶಕರಾಗಿ ೧೯೭೬ರಲ್ಲಿ ನಿವೃತ್ತರಾದರು.

ಗುರುವಿನ ಊಹೆ, ಶಿಷ್ಯೆಯ ಅಳತೆ

ವಜ್ರಗಳ ಕಥೆ ಏನಾಯಿತು? ನೀಲಿ, ಹಸಿರು ಬೆಳಕುಗಳೆಲ್ಲ ಅಪ್ಪಟ ವಜ್ರದ ಹೆಣಿಗೆಯಲ್ಲಿಯೇ ಇರುವ ಭೇದದಿಂದ ಬರುತ್ತವೆಂದು ರಾಮನ್ನರು ವಾದಿಸಿದ್ದರು; ಅನ್ಯ ಪದಾರ್ಥದ ಬೆರಕೆ ಕಾರಣವೆಂಬುದನ್ನು ಒಪ್ಪಿರಲಿಲ್ಲ. ಆದರೆ ೧೯೫೯ರಲ್ಲಿ ಅಮೆರಿಕದ ಕೈಸರ್ ಮತ್ತು ಬಾಂಡ್ ಎಂಬ ವಿಜ್ಞಾನಿಗಳು ಬಹುಪಾಲು ವಜ್ರಗಳಲ್ಲಿ ಸಾರಜನಕ ಅಡಗಿರುವುದನ್ನು ತೋರಿಸಿದರು. ಇಂಗಾಲದ ಪರಮಾಣುವೊಂದು ಇರಬೇಕಾದ ಜಾಗ ಬರಿದಾಗಿ, ಅದರ ಸುತ್ತ ಸಾರಜನಕದ ಮೂರು ಪರಮಾಣುಗಳು ಕುಳಿತಾಗ ಹುಟ್ಟುವುದೇ ೪೧೫೨ರ ಗೆರೆ ಎಂಬುದು ಇಂದು ಸ್ಥಿರಪಟ್ಟಿದೆ.

ಗುರುಗಳ ಊಹೆ ಹೀಗೆ ಬದಿಗೆ ಸರಿಯಿತು. ಮಹಾಮೇಧಾವಿಯ ಊಹೆಯೂ ತಪ್ಪಬಹುದು; ವಿಜ್ಞಾನದಲ್ಲಿ ಅದು ಅವಮಾನವಲ್ಲ. ಆದರೆ ಗೆರೆ ಕದಲಲಿಲ್ಲ. ಶಿಷ್ಯೆ ರಾತ್ರಿಯೆಲ್ಲ ಎಚ್ಚರವಿದ್ದು ಫಲಕದ ಮೇಲೆ ಮೂಡಿಸಿದ ಗೆರೆ ಎಲ್ಲಿತ್ತೋ ಅಲ್ಲಿಯೇ ಇದೆ. ನಿಜವಾದ ವಜ್ರವನ್ನು ಪರೀಕ್ಷಿಸುವವರು ಇಂದಿಗೂ ಅದನ್ನು ಅದೇ ಜಾಗದಲ್ಲಿ ಹುಡುಕುತ್ತಾರೆ. ವ್ಯಾಖ್ಯಾನ ಬದಲಾಗುತ್ತದೆ, ಪ್ರಾಮಾಣಿಕವಾದ ಅಳತೆ ನಿಲ್ಲುತ್ತದೆ.

ಮತ್ತೆ ಬೆಂಗಳೂರು, ಮತ್ತೆ ಬಯಲು

ನಿವೃತ್ತಿಯ ಬಳಿಕ ಅವರು ಬೆಂಗಳೂರಿಗೇ ಮರಳಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಭಾರತದ ಬಿಸಿಲಿನ ಅಂಕೆಗಳನ್ನೆಲ್ಲ ಕ್ರೋಡೀಕರಿಸಿದ ಅವರ ಕೈಪಿಡಿ ೧೯೮೦ರಲ್ಲಿ ಹೊರಬಂದಿತು. ಗಾಳಿಯ ವೇಗವನ್ನೂ ಬಿಸಿಲನ್ನೂ ಅಳೆಯುವ ಉಪಕರಣಗಳನ್ನು ತಯಾರಿಸಲು ಬೆಂಗಳೂರಿನಲ್ಲಿಯೇ ಒಂದು ಪುಟ್ಟ ಕಾರ್ಖಾನೆಯನ್ನು ತೆರೆದರು. ಎಲ್ಲಿ ಗಾಳಿಯಂತ್ರವನ್ನು ನಿಲ್ಲಿಸಿದರೆ ಪ್ರಯೋಜನವೆಂಬುದನ್ನು ತಿಳಿಯಲು ದೇಶದ ನೂರಾರು ಸ್ಥಳಗಳಲ್ಲಿ ನಡೆದ ಗಾಳಿಯ ಮೋಜಣಿಗೆ ಅವರೇ ಮುಂದಾಳು.

ಇಲ್ಲಿ ಅಳತೆಯ ಬೆಲೆ ರೂಪಾಯಿಯಲ್ಲಿಯೇ ಕಾಣುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟುಮಡಿಯಾಗುತ್ತದೆ. ಆದುದರಿಂದ ವೇಗವನ್ನು ಶೇಕಡ ೧೦ರಷ್ಟು ಹೆಚ್ಚಾಗಿ ತೋರಿಸುವ ಮಾಪಕವನ್ನು ನಂಬಿದವನು ಶಕ್ತಿಯನ್ನು ಶೇಕಡ ೩೩ರಷ್ಟು ಹೆಚ್ಚಾಗಿ ಎಣಿಸಿಬಿಡುತ್ತಾನೆ. ಕೋಟಿಗಟ್ಟಲೆ ಹಣವನ್ನು ಹೂಡಿದ ಮೇಲೆ ತಿಳಿಯುವ ತಪ್ಪು ಅದು. ಉತ್ತರ ಕರ್ನಾಟಕದ ಬಯಲಿನಲ್ಲಿ ಇಂದು ತಿರುಗುವ ಗಾಳಿಯಂತ್ರಗಳನ್ನು ನೋಡಿ ಬೆರಗಾಗುವವರು, ಅವುಗಳಿಗಿಂತ ಮೊದಲು ಅಳತೆಯ ಪುಟ್ಟ ಬಟ್ಟಲುಗಳು ತಿಂಗಳುಗಟ್ಟಲೆ ಕಂಬದ ಮೇಲೆ ತಿರುಗಬೇಕೆಂಬುದನ್ನು ನೆನೆಯಬೇಕು.

ಅನ್ನಾ ಮಣಿಯವರು ೨೦೦೧ರ ಆಗಸ್ಟ್ ೧೬ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಹೆಣ್ಣಾಗಿ ವಿಜ್ಞಾನಿಯಾದರೆಂದು ತಮ್ಮನ್ನು ಅದ್ಭುತವೆಂಬಂತೆ ತೋರಿಸುವುದು ಅವರಿಗೆ ಸೇರುತ್ತಿರಲಿಲ್ಲ. ಪದವಿ ದೊರೆಯದ ಅವರ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಪದವಿ ಪಡೆದವರ ಪ್ರಬಂಧಗಳ ನಡುವೆ, ಅವುಗಳಂತೆಯೇ ರಟ್ಟು ಕಟ್ಟಿಸಿಕೊಂಡು ನಿಂತಿದೆ. ಯಾವುದಕ್ಕೆ ಪದವಿ ದೊರೆಯಿತು, ಯಾವುದಕ್ಕೆ ಇಲ್ಲವೆಂದು ಬೆನ್ನನ್ನು ನೋಡಿ ಹೇಳುವಂತಿಲ್ಲ.

ಮುಂದಿನ ಕಾರಹುಣ್ಣಿಮೆಗೂ ಕಾಖಂಡಕಿಯ ಸೀಮೆಯಲ್ಲಿ ಎತ್ತುಗಳು ಸಿಂಗಾರಗೊಳ್ಳುವುವು. ಬಿಳಿಯದು ಮುಂದೋ ಕೆಂದದ್ದು ಮುಂದೋ ಎಂದು ಜನ ಕೇಕೆ ಹಾಕುವರು. ಆ ಸಂತೋಷ ಎಂದಿಗೂ ಇರಲಿ. ಆದರೆ ಅದಾದ ಮೇಲೆ ಮೊದಲ ಮಳೆಯ ಹನಿ ಮಳೆಮಾಪಕದಲ್ಲಿ ಬಿದ್ದು ಒಂದು ಅಂಕೆಯಾದಾಗ, ಆ ಅಂಕೆ ರೈತನಿಗೆ ಮೋಸ ಮಾಡಬಾರದೆಂದು ಬಾಳನ್ನೇ ಸವೆಸಿದ ಒಬ್ಬಾಕೆಯ ನೆನಪು ಬಂದರೆ, ಎಂಟನೆಯ ವಯಸ್ಸಿನಲ್ಲಿ ಓಲೆಯನ್ನು ಒಲ್ಲೆನೆಂದುದು ಸಾರ್ಥಕವಾಯಿತೆನ್ನಬಹುದು.